ಗೆದ್ದ ಯುದ್ಧದವರು ಮಾತ್ರ ಯೋಧರೇ?

ದೊಡ್ಡಪ್ಪ ತೀರಿಕೊಂಡು ಮೊನ್ನೆಗೆ ಒಂದು ವರ್ಷವಾಯ್ತು. ಅವರ ತಿಥಿಯ ದಿನ ಊರಿನ ಹುಡುಗರು ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಫ್ಲೆಕ್ಸ್ ಕಟ್ಟಿದ್ದರು. ಮಧ್ಯದಲ್ಲಿ ದೊಡ್ಡಪ್ಪನ ಫೋಟೋ, ಹಿಂದೆ ಹಿಮದ ಬೆಟ್ಟ, ಬೆಟ್ಟದ ತುದಿಯಲ್ಲಿ ಬಾವುಟ. ಕೆಳಗೆ ದಪ್ಪಕ್ಷರದಲ್ಲಿ, ‘ಕಾರ್ಗಿಲ್ ವೀರನಿಗೆ ಭಾವಪೂರ್ಣ ಶ್ರದ್ಧಾಂಜಲಿ’.

ದೊಡ್ಡಪ್ಪ ಕಾರ್ಗಿಲ್ ಯುದ್ಧದಲ್ಲಿ ಇರಲೇ ಇಲ್ಲ! 1998ರಲ್ಲೇ ಪೆನ್ಷನ್ ತಗೊಂಡು ಊರಿಗೆ ಬಂದು ಎಮ್ಮೆ ಕಟ್ಟಿದ್ದರು. ಅವರು ಯುದ್ಧ ನೋಡಿದ್ದು ಶ್ರೀಲಂಕಾದಲ್ಲಿ. ಜಾಫ್ನಾದಲ್ಲಿ ಹಿಮ ಎಲ್ಲಿಂದ ಬರಬೇಕು ಸ್ವಾಮಿ, ಅಲ್ಲಿರೋದು ತಾಳೆಮರ, ಬೆವರು.

ಹುಡುಗರಿಗೆ ಹೇಳಿದೆ. “ಬಿಡಣ್ಣಾ, ಶ್ರೀಲಂಕಾ ಅಂತ ಹಾಕಿದ್ರೆ ಯಾರಿಗೆ ಗೊತ್ತಾಗುತ್ತೆ?” ಅಂದರು.

ಅವರನ್ನ ಬೈಯೋ ಯೋಗ್ಯತೆ ನನಗೂ ಇಲ್ಲ. ಹತ್ತನೇ ಕ್ಲಾಸಲ್ಲಿದ್ದಾಗ ನಾನೇ ಕೇಳಿದ್ದೆ, “ದೊಡ್ಡಪ್ಪಾ, ಶ್ರೀಲಂಕಾ ಜೊತೆ ನಮಗೆ ಯಾವಾಗ ಯುದ್ಧ ಆಯ್ತು?” ಅಂತ. “ಅವರ ಜೊತೆ ಆಗ್ಲಿಲ್ಲ ಕಣಪ್ಪಾ” ಅಂದವರೇ ಎದ್ದು ಕೊಟ್ಟಿಗೆಗೆ ಹೋದರು. ನಾನು ಟಿವಿ ಹಾಕಿದೆ. ಅಷ್ಟೇ. ಮುಂದೆ ಯಾವತ್ತೂ ಕೇಳಲಿಲ್ಲ.

ಆಮೇಲೆ ನಾನಾಗಿ ಓದಿ ತಿಳಿದುಕೊಂಡಿದ್ದು ಇಷ್ಟು. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಸೈನ್ಯ ಹೋಗಿದ್ದು ಶಾಂತಿ ಕಾಯೋಕೆ. ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆಗೇ ಯುದ್ಧ. ಹಿಂದೆ ನಮ್ಮ ನೆಲದಲ್ಲೇ ತರಬೇತಿ ಪಡೆದಿದ್ದ ಅದೇ ಎಲ್‌ಟಿಟಿಇ. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ಸತ್ತರು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ವಾಪಸ್ ಬರೋ ಹೊತ್ತಿಗೆ ನಮ್ಮವರೇ 1100ಕ್ಕೂ ಹೆಚ್ಚು ಯೋಧರು ಸತ್ತಿದ್ದರು. ಆ ತುಕಡಿ ಮದ್ರಾಸಿಗೆ ಬಂದಿಳಿದಾಗ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೂ ಹೋಗಲಿಲ್ಲ.

ದೊಡ್ಡಪ್ಪ ಮದ್ರಾಸ್ ಸ್ಯಾಪರ್ಸ್‌ನವರು. ಹಲಸೂರಿನ ಸೆಂಟರ್‌ನಲ್ಲಿ ಟ್ರೇನಿಂಗ್ ಆಗಿತ್ತು. ಸ್ಯಾಪರ್ ಅಂದರೆ ಲಾರಿಗಳು ಹೋಗೋ ಮುಂಚೆ ರಸ್ತೆಯಲ್ಲಿ ನೆಲಬಾಂಬ್ ಹುಡುಕುತ್ತಾ ನಡೆಯೋನು. ಊರಲ್ಲಿ ಪೈಪ್ ಹಾಕೋಕೆ ರಸ್ತೆ ಅಗೆದು ಮಣ್ಣು ಮುಚ್ಚಿದ್ದರೆ ದೊಡ್ಡಪ್ಪ ಅದರ ಮೇಲೆ ಕಾಲಿಡುತ್ತಿರಲಿಲ್ಲ. ಸುತ್ತು ಹಾಕಿ ಚರಂಡಿ ದಾಟಿ ಬರೋರು. ನಾವು ಮಕ್ಕಳೆಲ್ಲ ಆ ಮಣ್ಣಿನ ಮೇಲೆ ಕುಣಿದು “ಢಂ!” ಅಂತ ಕಿರುಚಿ ಅವರನ್ನ ಅಣಕಿಸ್ತಿದ್ವಿ. ಈಗ ನೆನೆದರೆ ಮೈಯೆಲ್ಲ ಬೆವರುತ್ತೆ.

ನನ್ನ ತಕರಾರು ಸರ್ಕಾರದ ಮೇಲಲ್ಲ. ಕೊಲಂಬೊ ಪಕ್ಕದಲ್ಲಿ ಇವರ ಸ್ಮಾರಕ ಇದೆ. 2019ರಲ್ಲಿ ತೆರೆದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲೂ ಹೆಸರುಗಳಿವೆ. ಕಲ್ಲಿನ ಮೇಲೆ ಇದ್ದಾರೆ, ನಮ್ಮ ತಲೆಯಲ್ಲಿಲ್ಲ. ಆಫೀಸ್ ಕ್ಯಾಂಟೀನಲ್ಲಿ ಕೇಳಿದೆ. ವಿಕ್ರಮ್ ಬಾತ್ರಾ ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. 1987ರ ನವೆಂಬರ್ 25ರಂದು ಶ್ರೀಲಂಕಾದಲ್ಲಿ ಸತ್ತು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್? ಒಬ್ಬರಿಗೂ ಗೊತ್ತಿಲ್ಲ. ಆದರೆ ರಾಜೀವ್ ಹಂತಕರು 1991ರಲ್ಲಿ ಕೋಣನಕುಂಟೆಯ ಯಾವ ಮನೆಯಲ್ಲಿ ಸತ್ತರು ಅನ್ನೋದನ್ನ ಇಬ್ಬರು ದಾರಿ ಸಮೇತ ಹೇಳಿದರು. ‘ಸೈನೈಡ್’ ಸಿನಿಮಾ ನೋಡಿದ್ದಾರಲ್ಲ!

ಯಾಕೆ ಹೀಗೆ? ಆ ಯುದ್ಧ ನಾವು ಗೆಲ್ಲಲಿಲ್ಲ, ಅದಕ್ಕೆ. ಸ್ಟೇಟಸ್ ಹಾಕೋಕೆ ಒಂದು ಬೆಟ್ಟ ಬೇಕು, ಬಾವುಟ ಬೇಕು. ನಾವು ನೆನೆಯೋದು ಯೋಧನನ್ನಲ್ಲ, ನಮ್ಮ ಗೆಲುವನ್ನ.

“ಅದು ಕೊಳಕು ಯುದ್ಧ, ಅಲ್ಲಿ ನಮ್ಮ ಸೈನ್ಯದಿಂದಲೂ ತಪ್ಪಾಗಿದೆ, ಯಾಕೆ ಕೆದಕಬೇಕು?” ಅಂತ ಗೆಳೆಯನೊಬ್ಬ ಕೇಳಿದ. ಆಗಿದೆ. 1987ರ ಅಕ್ಟೋಬರ್ 21ರಂದು ಜಾಫ್ನಾ ಆಸ್ಪತ್ರೆಗೆ ನುಗ್ಗಿದ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ಡಾಕ್ಟರು, ನರ್ಸುಗಳು ಸತ್ತಿದ್ದಾರೆ. ಇದನ್ನ ಬರೆಯೋಕೆ ನನಗೇನು ಖುಷಿಯಿಲ್ಲ. ಆದರೆ ನೆನೆಯೋದು ಅಂದರೆ ಹೊಗಳೋದು ಅಂತ ಯಾರು ಹೇಳಿದ್ದು? ಇಪ್ಪತ್ತೆರಡು ವರ್ಷದ ಹುಡುಗನನ್ನ, ತಪ್ಪು ಲೆಕ್ಕ ಹಾಕಿದ ಯುದ್ಧಕ್ಕೆ ಕಳಿಸಿದ್ದು ನಾವು ಆರಿಸಿದ ಸರ್ಕಾರ. ಅವನು ಅಲ್ಲಿ ಏನು ನೋಡಿದ, ಏನು ಮಾಡಿದ ಅಂತ ಕೇಳಿಸಿಕೊಳ್ಳೋ ಹೊಣೆಯೂ ನಮ್ಮದೇ. ಆ ಹೊಣೆಯಿಂದ ತಪ್ಪಿಸಿಕೊಳ್ಳೋಕೆ ಸುಲಭದ ದಾರಿ ಅಂದರೆ ಮರೆಯೋದು. ಅದಕ್ಕಿಂತ ಸುಲಭ, ಫೋಟೋದ ಹಿಂದೆ ಒಂದು ಹಿಮದ ಬೆಟ್ಟ ಅಂಟಿಸೋದು.

ದೊಡ್ಡಪ್ಪ ಆಸ್ಪತ್ರೆಯ ಹತ್ತಿರ ಇದ್ದರೋ, ಅವರ ಪಕ್ಕ ನಡೆಯುತ್ತಿದ್ದ ಎಷ್ಟು ಜನ ವಾಪಸ್ ಬರಲಿಲ್ಲವೋ, ಕೇಳೋಕೆ ನನಗೆ ಹದಿಮೂರು ವರ್ಷ ಟೈಮ್ ಇತ್ತು. ಪ್ರತಿ ಹಬ್ಬಕ್ಕೂ ಊರಿಗೆ ಹೋದೆ, ಹೋಳಿಗೆ ತಿಂದೆ, ಮೊಬೈಲ್ ನೋಡ್ತಾ ಕೂತೆ. ಅವರೂ ಎದುರಿಗೇ ಕೂತಿರ್ತಿದ್ದರು.

ನಿಮ್ಮ ಮನೆಯಲ್ಲೂ ಇಂಥ ಮಾವನೋ, ಚಿಕ್ಕಪ್ಪನೋ, ಪಕ್ಕದ ಬೀದಿಯ ಮಿಲಿಟರಿ ಅಂಕಲ್ಲೋ ಇರಬಹುದು. ಮುಂದಿನ ಸಲ ಹೋದಾಗ “ಕಾರ್ಗಿಲ್ಲಲ್ಲಿ ಇದ್ರಾ?” ಅಂತ ಕೇಳಬೇಡಿ. “ಎಲ್ಲಿದ್ರಿ?” ಅಂತ ಕೇಳಿ. ಎದ್ದು ಕೊಟ್ಟಿಗೆಗೆ ಹೋದರೆ, ಹಿಂದೆಯೇ ಹೋಗಿ.

ನಾನು ಹೋಗಲಿಲ್ಲ.