ಪಟ್ಟದ ಗೊಂಬೆ

ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯಂದು ಪಟ್ಟಕ್ಕೇರುವುದು ಮರದ ರಾಜ-ರಾಣಿಯರ ಜೋಡಿ. ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಡುವ ಪಟ್ಟದ ಗೊಂಬೆಗಳು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯು ಅರಮನೆಯ ಉತ್ಸವವಾದರೆ, ಗೊಂಬೆಯ ಹಬ್ಬವು ಗೃಹಿಣಿಯ ಉತ್ಸವ. ಈಚೆಗೆ ಅದೂ ಸ್ಪರ್ಧೆಯ ವಸ್ತುವಾಗಿದೆ. ಬಹುಮಾನದ ಆಸೆಗೆ ವರ್ಷವರ್ಷವೂ ಹೊಸ ಗೊಂಬೆಗಳು ಬಂದು, ಬಣ್ಣಗೆಟ್ಟ ಹಳೆಯ ಜೋಡಿ ಮೂಲೆಗೆ ಸರಿಯುತ್ತಿದೆ. ಇದು ನನಗೆ ಸರಿತೋರದು. ನನ್ನ ಅಜ್ಜಿಯ ತವರು ಯಾವುದೆಂದು ಮನೆಯ ಮಕ್ಕಳು ಕೇಳಿ ತಿಳಿದದ್ದು ಆಕೆಯ ಗೊಂಬೆಗಳನ್ನು ನೋಡಿದ ಮೇಲೆಯೇ. ವಂಶಾವಳಿಗಳು ಗಂಡಸರ ಹೆಸರನ್ನು ಬರೆದಿಟ್ಟಿವೆ. ಹೆಣ್ಣು ಎಲ್ಲಿಂದ ಬಂದಳೆಂಬುದನ್ನು ಬಲ್ಲುದು ಈ ಜೋಡಿ. ಒಂಬತ್ತು ದಿನವಾದರೂ ಮೇಲಿನ ಮೆಟ್ಟಿಲು ಅದಕ್ಕೇ ಸಲ್ಲಲಿ. ಬಣ್ಣ ಮಾಸಿದ್ದರೆ ಹೊಸ ಸೀರೆ ಉಡಿಸೋಣ. ಪೆಟ್ಟಿಗೆಯಲ್ಲಿ ಮಾತ್ರ ಬಿಡದಿರೋಣ.