ಪರದೆಯ ಹಿಂದೆ ಸೂಜಿ ಹಿಡಿದವರು ಯಾರು?

ನಕಲಿ ವೈದ್ಯರ ಮೇಲೆ ದಾಳಿ ನಡೆದ ಸುದ್ದಿ ಆಗಾಗ ಬರುತ್ತದೆ. ಕ್ಲಿನಿಕ್‌ಗೆ ಬೀಗ ಬೀಳುತ್ತದೆ. ಆದರೆ ಅಸಲಿ ವೈದ್ಯರ ಕ್ಲಿನಿಕ್‌ನಲ್ಲಿ ಪರದೆಯ ಹಿಂದೆ ಸೂಜಿ ಹಿಡಿದು ನಿಂತವರು ಯಾರೆಂದು ಕೇಳುವವರು ಕಡಿಮೆ. ತಾಲ್ಲೂಕು ಪಟ್ಟಣಗಳ ಸಣ್ಣ ನರ್ಸಿಂಗ್ ಹೋಂಗಳಲ್ಲಿ ನಾವು ‘ಸಿಸ್ಟರ್’ ಎಂದು ಕರೆಯುವ ಎಷ್ಟೋ ಹೆಣ್ಣುಮಕ್ಕಳು ಪಿಯುಸಿ ಮುಗಿಸಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದವರು. ನೋಡುತ್ತ ನೋಡುತ್ತ ಇಂಜೆಕ್ಷನ್ ಕೊಡುವುದನ್ನು, ಡ್ರಿಪ್ ಹಾಕುವುದನ್ನು ಕಲಿತವರು. ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರಿಗೆ ಕೊಡಬೇಕಾದ ಸಂಬಳ ಇವರಿಗೆ ಕೊಡಬೇಕಿಲ್ಲ. ಲೆಕ್ಕಾಚಾರ ಇರುವುದೇ ಅಲ್ಲಿ.

ಕೈ ಪಳಗಿದೆಯಲ್ಲ, ಸಾಲದೇ ಎನ್ನುವ ವೈದ್ಯರಿದ್ದಾರೆ. ಸಾಲದು. ಸೂಜಿ ಚುಚ್ಚುವುದನ್ನು ಯಾರೂ ಕಲಿಯಬಹುದು. ಯಾವಾಗ ಚುಚ್ಚಬಾರದು, ಚುಚ್ಚಿದ ಮೇಲೆ ಏನಾದರೆ ಏನು ಮಾಡಬೇಕು ಎಂಬುದೇ ತರಬೇತಿ. ಪೃಷ್ಠದಲ್ಲಿ ಜಾಗ ತಪ್ಪಿ ಚುಚ್ಚಿದರೆ ಸಯಾಟಿಕ್ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳಬಹುದು. ಪೊಟ್ಯಾಸಿಯಂ ಕ್ಲೋರೈಡನ್ನು ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಹರಿಸುವ ಬದಲು ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಲ್ಲಬಹುದು. ಆ್ಯಂಟಿಬಯೋಟಿಕ್‌ಗೆ ಅಲರ್ಜಿಯಾಗಿ ರೋಗಿ ಉಸಿರಿಗೆ ಒದ್ದಾಡುವಾಗ ತಕ್ಷಣ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು. ಡಾಕ್ಟರು ಊಟಕ್ಕೆ ಮನೆಗೆ ಹೋಗಿದ್ದರೆ, ಅವರಿಗೆ ಫೋನ್ ಮಾಡುವಷ್ಟರಲ್ಲೇ ಹೊತ್ತು ಮೀರಿರುತ್ತದೆ.

1993ರ ಡಿಸೆಂಬರಿನಲ್ಲಿ ಸ್ಪ್ರಿಂಗ್ ಮೆಡೋಸ್ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಟೈಫಾಯಿಡ್‌ಗೆ ದಾಖಲಾಗಿದ್ದ ಬಾಲಕನಿಗೆ ನರ್ಸ್ ಒಬ್ಬರು ಲಾರಿಯಾಗೊ ಇಂಜೆಕ್ಷನ್ನನ್ನು ರಕ್ತನಾಳಕ್ಕೆ ಕೊಟ್ಟರು. ಅದು ಕ್ಲೋರೊಕ್ವಿನ್. ಮಗು ಕೂಡಲೇ ಕುಸಿಯಿತು, ಹೃದಯ ನಿಂತಿತು. ಜೀವ ಉಳಿದರೂ ಮಿದುಳು ಚೇತರಿಸಿಕೊಳ್ಳಲಿಲ್ಲ. ಆ ನರ್ಸ್ ಯಾವ ಕೌನ್ಸಿಲ್‌ನಲ್ಲೂ ನೋಂದಾಯಿತರಾಗಿರಲಿಲ್ಲ. ಮಗುವಿಗೆ 12.5 ಲಕ್ಷ, ತಂದೆತಾಯಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 1998ರಲ್ಲಿ ಎತ್ತಿಹಿಡಿಯಿತು. ಅರ್ಹತೆ ಇಲ್ಲದವರನ್ನು ನೇಮಿಸಿಕೊಂಡು ಮಗುವನ್ನು ಅವರ ಕೈಗೆ ಒಪ್ಪಿಸಿದ್ದೇ ಆಸ್ಪತ್ರೆಯ ನಿರ್ಲಕ್ಷ್ಯ ಎಂದಿತು. ತೀರ್ಪು ಬಂದು ಕಾಲು ಶತಮಾನ ಕಳೆದಿದೆ. ಇಂದಿಗೂ ಅನಾಹುತವಾದ ಕೂಡಲೇ ಮೊದಲು ಕೆಲಸ ಕಳೆದುಕೊಳ್ಳುವವಳು ಸೂಜಿ ಚುಚ್ಚಿದ ಹುಡುಗಿಯೇ. ಅವಳ ಕೈಗೆ ಸಿರಿಂಜ್ ಕೊಟ್ಟವರು ಯಾರು ಎಂಬ ಪ್ರಶ್ನೆ ನಂತರ ಬರುತ್ತದೆ, ಬಂದರೆ.

ನಿಯಮಕ್ಕೇನೂ ಕೊರತೆಯಿಲ್ಲ. ವೈದ್ಯಕೀಯ ಪರಿಷತ್ತಿನ 2002ರ ನೀತಿಸಂಹಿತೆ, ವೃತ್ತಿಪರ ವಿವೇಚನೆ ಅಥವಾ ಕೌಶಲ ಬೇಕಾದ ಕಡೆ ನೋಂದಣಿ ಇಲ್ಲದವರಿಂದ ರೋಗಿಗೆ ಚಿಕಿತ್ಸೆ ಕೊಡಿಸಕೂಡದು ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಿದೆ. ಲ್ಯಾಬ್ ಟೆಕ್ನೀಷಿಯನ್, ಫಿಸಿಯೊಥೆರಪಿಸ್ಟ್ ಮುಂತಾದವರ ನೋಂದಣಿಗೆ 2021ರಲ್ಲಿ ಕೇಂದ್ರ ಕಾಯ್ದೆಯೇ ಬಂದಿದೆ. ವೈದ್ಯರು ಮಾಡಿಸುವ ವೃತ್ತಿ ವಿಮೆಯ ರಕ್ಷಣೆಯೂ ಸಾಮಾನ್ಯವಾಗಿ ಅರ್ಹ ಸಹಾಯಕರಿಗಷ್ಟೇ ಸಿಗುತ್ತದೆ. ಉಳಿಸಿದ ಸಂಬಳ ಎಲ್ಲಿಗೆ ಸಾಕಾದೀತೆಂದು ಕ್ಲಿನಿಕ್ ಮಾಲೀಕರು ಯೋಚಿಸಬೇಕು.

ಹಾಗೆಂದು ಈ ಹೆಣ್ಣುಮಕ್ಕಳನ್ನೆಲ್ಲ ಮನೆಗೆ ಕಳಿಸಿ ಎನ್ನುವುದನ್ನು ನಾನು ಒಪ್ಪಲಾರೆ. ತೂಕ ನೋಡುವುದು, ಸರದಿ ನಡೆಸುವುದು, ಫೈಲ್ ಇಡುವುದು, ವಯಸ್ಸಾದವರನ್ನು ಕೈಹಿಡಿದು ಒಳಗೆ ಕರೆದೊಯ್ಯುವುದು ಕ್ಲಿನಿಕ್ ನಡೆಯಲು ಬೇಕೇ ಬೇಕಾದ ಕೆಲಸಗಳು. ಬೇಕಿರುವುದು ಗೆರೆ. ಇಂಜೆಕ್ಷನ್, ಡ್ರಿಪ್, ಔಷಧಿ ಅಳತೆ ಇವರ ಕೆಲಸವಲ್ಲ ಎಂದು ಬರೆದಿಡಬೇಕು, ಎಷ್ಟೇ ನೂಕುನುಗ್ಗಲಿದ್ದರೂ ಡಾಕ್ಟರು ಅದನ್ನು ದಾಟಬಾರದು. ‘ಇದು ನನಗೆ ಬರುವುದಿಲ್ಲ ಸಾರ್’ ಎಂದ ಹುಡುಗಿಗೆ ಗದರಿಕೆ ಸಿಗುವ ಕಡೆ ಯಾವ ಪಟ್ಟಿಯೂ ಕೆಲಸ ಮಾಡದು. ಬಳಸಿದ ಸೂಜಿ ಎತ್ತುವವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನೂ ವರ್ಷಕ್ಕೊಮ್ಮೆ ತರಬೇತಿಯನ್ನೂ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಕಡ್ಡಾಯ ಮಾಡಿವೆ. ಅದನ್ನಾದರೂ ಕೊಡಿಸಿ.

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರ ನೋಂದಣಿ ನವೀಕರಿಸುವಾಗ ವೈದ್ಯರ ಪ್ರಮಾಣಪತ್ರದ ಜೊತೆಗೆ, ಪ್ರತಿ ಪಾಳಿಯಲ್ಲಿ ಇಂಜೆಕ್ಷನ್ ಕೊಡುವವರ ಹೆಸರು ಮತ್ತು ಕೌನ್ಸಿಲ್ ನೋಂದಣಿ ಸಂಖ್ಯೆಯನ್ನೂ ಕೇಳಲಿ. ಆ ಪಟ್ಟಿ ಡ್ರೆಸ್ಸಿಂಗ್ ಕೋಣೆಯ ಗೋಡೆಯ ಮೇಲೆ ರೋಗಿಗೆ ಕಾಣುವಂತಿರಲಿ. ತಪಾಸಣೆಗೆ ಬರುವ ಅಧಿಕಾರಿ ರಾತ್ರಿ ಪಾಳಿಯಲ್ಲೂ ಒಮ್ಮೆ ಬರಲಿ.