ಒಂದು ಚುಕ್ಕಿ, ಎರಡು ಅಳತೆ



ದೆಹಲಿಯ ಚಳಿಗಾಲವೆಂದರೆ ಈಗ ನಮಗೆಲ್ಲ ಗಾಳಿಯ ಲೆಕ್ಕ ನೋಡುವ ಕಾಲ. ದೆಹಲಿ ಕರ್ನಾಟಕ ಸಂಘವಿರುವ ಆರ್.ಕೆ. ಪುರಂನಲ್ಲಿಯೇ ಮಾಲಿನ್ಯ ಅಳೆಯುವ ಕೇಂದ್ರವೊಂದಿದೆ. ಅಂಥ ಕೇಂದ್ರಗಳ ಅಂಕಿಗಳಿಂದ ನಿಮ್ಮಲ್ಲಿ ಕೆಲವರು ಕಂಪ್ಯೂಟರಿನಲ್ಲಿ ಗ್ರಾಫ್ ಬರೆಯುತ್ತೀರಿ. ಎಡ ಅಕ್ಷದಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಧೂಳು, ಬಲ ಅಕ್ಷದಲ್ಲಿ ಉಷ್ಣಾಂಶ. ಎರಡನ್ನೂ ಒಟ್ಟಿಗೆ ನೋಡುವುದು ಸರಿಯೇ. ಚಳಿಗಾಲದಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇಳದಿದ್ದರೆ ಹೊಗೆ, ಧೂಳು ಅಲ್ಲಿಯೇ ಉಳಿಯುತ್ತವೆ.

ಮೌಸನ್ನು ಗೆರೆಯ ಮೇಲೆ ತಂದಾಗ ಒಂದು ಸಂಖ್ಯೆ ಮೂಡುತ್ತದಲ್ಲ, ಅದು ಯಾವ ಅಕ್ಷದ್ದು?

ಅಡುಗೆಮನೆಯ ಅಳತೆ ಲೋಟವನ್ನು ನೋಡಿ. ಒಂದು ಬದಿಗೆ ಸಕ್ಕರೆಯ ಗ್ರಾಂ, ಇನ್ನೊಂದು ಬದಿಗೆ ಹಿಟ್ಟಿನ ಗ್ರಾಂ. ಮಟ್ಟ ಒಂದೇ, ಲೆಕ್ಕ ಎರಡು. ಗ್ರಾಫೂ ಹಾಗೆಯೇ. ಎಡ ಅಕ್ಷ 0ಯಿಂದ 400 ಮೈಕ್ರೋಗ್ರಾಂ, ಬಲ ಅಕ್ಷ 5ರಿಂದ 25 ಡಿಗ್ರಿ ಎಂದಿಟ್ಟುಕೊಳ್ಳಿ. ಮೌಸ್ ನಟ್ಟನಡುವಿನ ಎತ್ತರದಲ್ಲಿದ್ದರೆ ಎಡಕ್ಕೆ 200, ಬಲಕ್ಕೆ 15.

ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ‘ಟ್ವಿನ್‌ಎಕ್ಸ್’ ಎಂದು ಬರೆದು ಸೇರಿಸಿದ ಎರಡನೆಯ ಅಕ್ಷ, ಮೊದಲನೆಯದರ ಮೇಲೆ ಗಾಜಿನ ಹಾಳೆಯಂತೆ ಕೂರುತ್ತದೆ. ನಿಮ್ಮ ಪ್ರೋಗ್ರಾಂ ಮೌಸಿನ ‘ವೈಡೇಟಾ’ ಕೇಳಿದರೆ ಸಿಗುವುದು ಮೇಲಿನ ಹಾಳೆಯ 15 ಮಾತ್ರ. ಅದನ್ನೇ ಧೂಳೆಂದು ಓದಿದರೆ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ 24 ಗಂಟೆಗಳ ಮಿತಿ ಘನ ಮೀಟರಿಗೆ ಸರಿಯಾಗಿ 15 ಮೈಕ್ರೋಗ್ರಾಂ! “ತಾತಾ, ಗಾಳಿ ಚೆನ್ನಾಗಿದೆ, ವಾಕಿಂಗ್ ಹೋಗಿ ಬನ್ನಿ” ಎನ್ನುತ್ತೀರಿ. ನಿಜವಾಗಿ ಹೊರಗಿರುವುದು 200. ನಮ್ಮ ದೇಶ 2009ರಲ್ಲಿ ಗೊತ್ತುಪಡಿಸಿದ 60ರ ಮೂರು ಪಟ್ಟಿಗೂ ಮೀರಿದ್ದು.

ಪರಿಹಾರ ಸುಲಭ. ಪರದೆಯ ಮೇಲೆ ಮೌಸ್ ಎಷ್ಟನೆಯ ಪಿಕ್ಸೆಲ್‌ನಲ್ಲಿದೆ ಎಂಬುದನ್ನು ‘ಈವೆಂಟ್’ನ ಎಕ್ಸ್, ವೈಗಳಿಂದ ತಿಳಿಯಿರಿ. ಆಮೇಲೆ ಒಂದೊಂದು ಅಕ್ಷದ ‘ಟ್ರಾನ್ಸ್‌ಡೇಟಾ’ವನ್ನೂ ತಿರುಗುಮುರುಗು ಮಾಡಿ ಆ ಜಾಗವನ್ನು ಅಳತೆಗೆ ತನ್ನಿ. ಎರಡು ಉತ್ತರವನ್ನೂ ಏಕಮಾನದೊಂದಿಗೆ ತೋರಿಸಿ. ಮೌಸ್ ಚೌಕಟ್ಟಿನಿಂದ ಹೊರಗೆ ಹೋದರೆ ಏನೂ ತೋರಿಸಬೇಡಿ.

ಇನ್ನೊಂದು ಮಾತು. ಎರಡು ಗೆರೆಗಳು ಒಂದನ್ನೊಂದು ದಾಟಿದ ಕಡೆ ಏನೋ ವಿಶೇಷ ನಡೆಯಿತೆಂದು ಬರೆಯಬೇಡಿ. ಅಕ್ಷದ ಮಿತಿ ಬದಲಿಸಿದರೆ ಆ ಜಾಗವೂ ಬದಲಾಗುತ್ತದೆ.

ಡಗ್ಲಾಸ್ ಎಂಗೆಲ್‌ಬಾರ್ಟ್ ಅವರಿಗೆ ಮೌಸಿನ ಪೇಟೆಂಟ್ ಸಿಕ್ಕಿದ್ದು 1970ರಲ್ಲಿ. ಅದರಲ್ಲಿ ಮೌಸಿಗೆ ಕೊಟ್ಟ ಹೆಸರು ಎಕ್ಸ್-ವೈ ಸ್ಥಾನಸೂಚಕ ಎಂದಷ್ಟೇ. ಜಾಗ ತೋರಿಸುವುದು ಅದರ ಕೆಲಸ, ಅರ್ಥ ಹೇಳುವುದು ನಿಮ್ಮದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.